ಎರಡು ರೈಲುಗಳ ನಡುವೆ

ಹಿರಿಯರು: ಪೇಟೆಯಲ್ಲಿ ಕಿವಿಗೆ ಬೀಳುವ ಸದ್ದನ್ನು ಮೂರು ಗುಂಪು ಮಾಡಿ ನೋಡುವುದು ಈ ವಿಷಯ ಬಲ್ಲವರ ರೂಢಿ. ಗಾಳಿ, ಮಳೆ, ಗುಡುಗು, ಹರಿಯುವ ನೀರಿನದು ಒಂದು ಗುಂಪು. ಹಕ್ಕಿ, ಹುಳ, ಕಪ್ಪೆ, ಅಳಿಲುಗಳದು ಇನ್ನೊಂದು. ಮನುಷ್ಯನದೂ ಅವನ ಯಂತ್ರಗಳದೂ ಸೇರಿ ಮೂರನೆಯದು. ಈ ವಿಂಗಡಣೆ ಬಳಕೆಗೆ ಬರಲು ಅಮೆರಿಕದ ಧ್ವನಿಮುದ್ರಕ ಬರ್ನಿ ಕ್ರೌಸ್ ಮುಖ್ಯ ಕಾರಣ. ಅದಕ್ಕೂ ಮುಂಚೆ, 1960ರ ದಶಕದ ಕೊನೆಗೆ, ಕೆನಡಾದ ಸಂಗೀತ ರಚನಕಾರ ಮರೆ ಶೇಫರ್ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಊರುಗಳ ಸದ್ದನ್ನು ದಾಖಲಿಸುವ ಕೆಲಸ ಶುರು ಮಾಡಿದ್ದರು. ಅವರ ಜೊತೆ ಕೆಲಸ ಮಾಡಿದ ಹಿಲ್ಡಗಾರ್ಡ್ ವೆಸ್ಟರ್‌ಕ್ಯಾಂಪ್, ಬರೀ ಕೇಳುವುದಕ್ಕೆಂದೇ ನಡೆಯುವ ನಡಿಗೆಯ ಬಗ್ಗೆ 1974ರಲ್ಲಿ ಬರೆದರು. ಮಾತಾಡದೆ, ಕಿವಿ ಹೇಳಿದ ಕಡೆ ಕಾಲು ಹಾಕುವುದು. ಅಷ್ಟೇ ಅದರ ನಿಯಮ.

ಕಿರಿಯರು: ಕೆನಡಾದಲ್ಲಿ ಅದು ನಡೆದೀತು ಸಾರ್. ಬಂಗಾರಪೇಟೆ ಸ್ಟೇಷನ್ ಮುಂದೆ ನಿಂತು ಹಕ್ಕಿ ದನಿ ಕೇಳಿ ಅಂದರೆ ಜನ ನಗುತ್ತಾರೆ. ಬೆಂಗಳೂರು ಕಡೆಗೊಂದು ಹಳಿ, ಜೋಲಾರಪೇಟೆ ಕಡೆಗೊಂದು, ಕೋಲಾರಕ್ಕೊಂದು, ಮಾರಿಕುಪ್ಪಕ್ಕೊಂದು. ಒಂದು ಗಾಡಿ ಹೋಯಿತು ಅನ್ನುವಷ್ಟರಲ್ಲಿ ಮೈಕಿನಲ್ಲಿ ಇನ್ನೊಂದರ ಹೆಸರು. ಹೊರಗೆ ಆಟೋದವರ ಕೂಗು, ಬಸ್ಸಿನ ಹಾರ್ನು, ಸಂಜೆಯಾದರೆ ಚಾಟ್ ಗಾಡಿಗಳ ಮುಂದೆ ಗುಂಪು. ಇದರೊಳಗೆ ಪ್ರಕೃತಿ ಎಲ್ಲಿ?

ಹಿರಿಯರು: ಗದ್ದಲ ಎಷ್ಟೇ ದಟ್ಟವಾಗಿ ಕಂಡರೂ ಅದರಲ್ಲಿ ಬಿರುಕುಗಳಿರುತ್ತವೆ. ಬಂಗಾರಪೇಟೆಯಂಥ ಜಂಕ್ಷನ್ನಿನಲ್ಲಿ ಈ ಬಿರುಕು ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಇಲ್ಲಿನ ಅತಿ ದೊಡ್ಡ ಸದ್ದು ರೈಲಿನದು, ಮತ್ತು ರೈಲು ಬಂದು ಹೋಗುತ್ತದೆ. ಹೆದ್ದಾರಿಯ ಪಕ್ಕದ ಊರಿಗೆ ಈ ಅನುಕೂಲ ಇಲ್ಲ. ಅಲ್ಲಿ ಸದ್ದು ನಿಲ್ಲುವುದೇ ಇಲ್ಲ. ಮದ್ರಾಸ್ ಕಡೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಹಳಿ ಬಂದದ್ದು 1864ರಲ್ಲಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲೇ ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ ಅನ್ನಿಸಿಕೊಂಡಿತ್ತು. ಅಂದರೆ ಇಲ್ಲಿನ ಕಾಗೆ, ಗೊರವಂಕಗಳಿಗೆ ರೈಲಿನ ಜೊತೆ ನೂರೈವತ್ತು ವರ್ಷದ ಒಡನಾಟ. ಗಾಡಿ ಪ್ಲಾಟ್‌ಫಾರಂ ಬಿಟ್ಟು, ಇಳಿದವರು ಚದುರಿ, ಆಟೋಗಳು ತುಂಬಿಕೊಂಡು ಹೋದ ಮೇಲೆ ಒಂದೆರಡು ನಿಮಿಷ ಸ್ಟೇಷನ್ನಿನಲ್ಲಿ ಏನೂ ಆಗುವುದಿಲ್ಲ. ಕೇಳುವವನು ಕಾಯಬೇಕಾದದ್ದು ಅದಕ್ಕೆ.

ಕಿರಿಯರು: ಆ ಎರಡು ನಿಮಿಷದಲ್ಲಿ ಕೇಳುವುದಾದರೂ ಏನು? ಕಾಗೆ ತಾನೆ?

ಹಿರಿಯರು: ಮೊದಲು ಕಾಗೆಯೇ, ಅದನ್ನು ಕಡೆಗಣಿಸುವ ಹಾಗಿಲ್ಲ. ಕಾಗೆಯ ಕೂಗು ಒಂದೇ ಬಗೆಯದಲ್ಲ. ತಿಂಡಿ ಕಂಡಾಗಿನದು ಬೇರೆ, ಹದ್ದನ್ನು ಅಟ್ಟುವಾಗಿನದು ಬೇರೆ, ಮಾರ್ಚ್ ನಂತರ ಕೋಗಿಲೆಯನ್ನು ಗೂಡಿನ ಬಳಿಯಿಂದ ಓಡಿಸುವಾಗಿನದು ಬೇರೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹೆಣ್ಣು ಕೋಗಿಲೆಯ ದನಿ ಗೊತ್ತಿರುವವರು ಕಡಿಮೆ. ಮೇಲಕ್ಕೇರುತ್ತಾ ಹೋಗುವ ಕುಹೂ ಗಂಡಿನದು. ಹೆಣ್ಣಿನದು ಕಿಕ್ ಕಿಕ್ ಕಿಕ್ ಎಂಬ ಚೂಪಾದ ಅವಸರದ ಕೂಗು. ಎಷ್ಟೋ ಜನ ಅದನ್ನು ದಿನವೂ ಕೇಳಿ, ಯಾವುದೋ ಬೇರೆ ಹಕ್ಕಿ ಅಂದುಕೊಂಡಿರುತ್ತಾರೆ. ಇನ್ನು ಅಳಿಲು. ಬೆಕ್ಕನ್ನೋ ಶಿಕ್ರವನ್ನೋ ಕಂಡಾಗ ಬಾಲವನ್ನು ಕುಲುಕುತ್ತಾ ಚಿಪ್ ಚಿಪ್ ಚಿಪ್ ಎಂದು ಐದು ಹತ್ತು ನಿಮಿಷ ಬಿಡದೆ ಕೂಗುತ್ತದೆ. ಅದನ್ನೂ ಹಕ್ಕಿಯ ಲೆಕ್ಕಕ್ಕೇ ಬರೆಯುವವರಿದ್ದಾರೆ.

ಕಿರಿಯರು: ಹೊತ್ತು ಯಾವುದಾದರೆ ಒಳ್ಳೆಯದು?

ಹಿರಿಯರು: ಬೆಳಗಿನ ಜಾವ. ಗಾಡಿಗಳು ಕಡಿಮೆ ಅನ್ನುವುದೊಂದೇ ಕಾರಣವಲ್ಲ. ರಾತ್ರಿಯೆಲ್ಲಾ ನೆಲ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುತ್ತದೆ. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಈ ಒಣ ಬಯಲುಸೀಮೆಯಲ್ಲಿ, ಮೋಡವಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಗಲು ಬಿಸಿ ನೆಲದಿಂದ ಮೇಲಕ್ಕೆ ಬಾಗಿ ಹೋಗುವ ಸದ್ದು, ಈ ಹೊತ್ತಿನಲ್ಲಿ ಕೆಳಕ್ಕೆ ಬಾಗಿ ನೆಲದ ಉದ್ದಕ್ಕೆ ಸಾಗುತ್ತದೆ. ಹಾಗಾಗಿಯೇ ಹಗಲಲ್ಲಿ ಕೇಳಿಸದ ದೂರದ ಗೂಡ್ಸ್ ಗಾಡಿ ನಾಲ್ಕೂವರೆಗೆ ಮನೆ ಹಿಂದೆಯೇ ಹೋದಂತೆ ಕೇಳಿಸುವುದು. ಹಕ್ಕಿಗಳಿಗೂ ಇದರ ಲಾಭ ಸಿಗುತ್ತದೆ. ಬೆಳಕು ಹರಿಯುವ ಮುಂಚೆ ದನಿ ತೆಗೆಯುವುದರಲ್ಲಿ ಮಡಿವಾಳ ಹಕ್ಕಿ ಮುಂದು. ಮಾರ್ಚಿಂದ ಜುಲೈವರೆಗೆ ಟಿವಿ ಆಂಟೆನಾದ ತುದಿಯೋ, ನೀರಿನ ಟ್ಯಾಂಕಿನ ಅಂಚೋ ಸಿಕ್ಕರೆ ಸಾಕು, ಗಂಡು ಅಲ್ಲಿ ಕೂತು ಸಿಳ್ಳೆ ಹಾಕುತ್ತದೆ; ಬೇರೆ ಹಕ್ಕಿಗಳ ದನಿಯ ತುಣುಕುಗಳನ್ನೂ ನಡುವೆ ಸೇರಿಸಿಕೊಳ್ಳುತ್ತದೆ. ಅದರ ಹಿಂದೆ ಕೋಗಿಲೆ, ಕಾಗೆ, ಪಿಕಳಾರ. ಸೂರ್ಯ ಮೇಲೆ ಬಂದ ಮೇಲೆ ಸೂರಕ್ಕಿ. ಬೆಂಗಳೂರಿಗೆ ದುಡಿಯಲು ಹೋಗುವವರು ಬೆಳಗಿನ ರೈಲಿಗೆ ನಡೆದು ಬರುವ ಹೊತ್ತೂ ಅದೇ. ಊರಿನಲ್ಲಿ ಈ ಪಾಳಿಯ ಹಕ್ಕಿಗಳನ್ನು ಹೆಚ್ಚು ಕೇಳಿದವರು ಅವರೇ ಇರಬೇಕು, ಅವರ ಕಿವಿಯಲ್ಲಿ ಇಯರ್‌ಫೋನ್ ಇಲ್ಲದಿದ್ದರೆ.

ಕಿರಿಯರು: ಅದಕ್ಕೂ ಒಂದು ಮಾತು ಸೇರಿಸಿಬಿಟ್ಟಿರಿ. ಆದರೆ ಎಲ್ಲರಿಗೂ ನಾಲ್ಕೂವರೆಗೆ ಏಳಲು ಆಗುವುದಿಲ್ಲ. ಹನ್ನೊಂದು ಗಂಟೆಗೆ ಪೇಟೆಬೀದಿಯಲ್ಲಿ ನಡೆಯುವವರ ಗತಿ?

ಹಿರಿಯರು: ಅವರಿಗೂ ದಾರಿ ಇದೆ. ಗದ್ದಲದಲ್ಲಿ ಬಿರುಕು ಬರೀ ಹೊತ್ತಿನದಲ್ಲ, ಸ್ವರದ್ದೂ ಹೌದು. ಗಾಡಿಗಳ ಎಂಜಿನ್, ಟೈರು ಹೊರಡಿಸುವ ಸದ್ದಿನ ಬಹುಪಾಲು 2000 ಹರ್ಟ್ಸ್‌ನ ಒಳಗೇ ಇರುತ್ತದೆ. ಗುಬ್ಬಿ, ಟುವ್ವಿ, ಸೂರಕ್ಕಿಗಳ ದನಿ ಹೆಚ್ಚಾಗಿ ಅದರ ಮೇಲೆ, 3000ದಿಂದ 7000 ಹರ್ಟ್ಸ್‌ನ ಆಸುಪಾಸಿನಲ್ಲಿ. ಒಂದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಗದ್ದಲ ಸಂಸಾರ ಹೂಡಿದ್ದರೆ, ಮೇಲಿನ ಅಂತಸ್ತಿನಲ್ಲಿ ಈ ಸಣ್ಣ ಹಕ್ಕಿಗಳು ಬಾಡಿಗೆಗಿವೆ. ಕಿವಿಯನ್ನು ಮೇಲಿನ ಅಂತಸ್ತಿಗೆ ಕಳಿಸುವುದು ಅಭ್ಯಾಸದ ಮಾತು. ಹಾರ್ನು ಮಾತ್ರ ಈ ವ್ಯವಸ್ಥೆಯನ್ನು ಕೆಡಿಸುತ್ತದೆ. ಅದು ಎರಡು ಅಂತಸ್ತಿಗೂ ನುಗ್ಗುತ್ತದೆ.

ಕಿರಿಯರು: ಕೋಗಿಲೆಯ ದನಿ ಸಣ್ಣದಲ್ಲವಲ್ಲ. ಅದು ಕೆಳಗಿನ ಅಂತಸ್ತಿನಲ್ಲೇ ಇದ್ದು ಕೇಳಿಸುತ್ತದೆ.

ಹಿರಿಯರು: ಕೋಗಿಲೆ ಗಂಟಲಿನ ಬಲದಿಂದ ಗೆಲ್ಲುತ್ತದೆ. ಚಿಟ್ಟುಕುಟ್ರ ಗೆಲ್ಲುವುದು ಬೇರೆ ಉಪಾಯದಿಂದ. ಹಸಿರು ಮೈ, ಹಣೆ ಮೇಲೆ ಕೆಂಪು ಬೊಟ್ಟು, ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಅದರ ಟೊಂಕ್ ಟೊಂಕ್ ಕೆಳಸ್ವರದ್ದು. ಆದರೆ ಸೆಕೆಂಡಿಗೆ ಒಂದೆರಡರಂತೆ, ಅಳತೆ ತಪ್ಪದೆ, ನಿಮಿಷಗಟ್ಟಲೆ ನಡೆಯುತ್ತದೆ. ಗಾಡಿಗಳ ಸದ್ದಿಗೆ ಲಯವಿಲ್ಲ. ಲಯವಿರುವ ಸದ್ದನ್ನು ಕಿವಿ ಅದರೊಳಗಿಂದ ಹೆಕ್ಕಿ ತೆಗೆಯುತ್ತದೆ. ಒಂದು ಏಟು ಬಸ್ಸಿನ ಸದ್ದಿನಲ್ಲಿ ಮುಳುಗಿದರೂ ಮುಂದಿನದು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಹುಡುಕಲು ಹೋದವರನ್ನು ಮಾತ್ರ ಅದು ಸತಾಯಿಸುತ್ತದೆ. ಕೂಗುವಾಗ ತಲೆಯನ್ನು ಆ ಕಡೆಗೂ ಈ ಕಡೆಗೂ ತಿರುಗಿಸುವುದರಿಂದ ದನಿ ಒಮ್ಮೆ ಬೇವಿನಿಂದ, ಒಮ್ಮೆ ಪಕ್ಕದ ಅತ್ತಿಯಿಂದ ಬಂದಂತೆ ಆಗುತ್ತದೆ. ಹಕ್ಕಿ ಕೂತಿರುವುದು ಒಂದೇ ಕೊಂಬೆಯ ಒಣಗಿದ ತುದಿಯಲ್ಲಿ.

ಕಿರಿಯರು: ಹಕ್ಕಿಗಳು ತಾವೇ ದನಿ ಬದಲಿಸಿಕೊಳ್ಳುತ್ತವೆ ಎಂದೂ ಓದಿದ ನೆನಪು.

ಹಿರಿಯರು: ನಿಜ. ಗದ್ದಲದಲ್ಲಿ ತನಗರಿವಿಲ್ಲದೆ ದನಿ ಏರಿಸುವ ಗುಣವನ್ನು ಫ್ರಾನ್ಸಿನ ವೈದ್ಯ ಎತ್ಯೆನ್ ಲೊಂಬಾರ್ 1911ರಲ್ಲೇ ಮನುಷ್ಯರಲ್ಲಿ ಗುರುತಿಸಿದ್ದರು. ರೈಲು ಬರುವಾಗ ಪ್ಲಾಟ್‌ಫಾರಂನಲ್ಲಿ ನಿಂತವರು ಎಲ್ಲರೂ ಅದನ್ನೇ ಮಾಡುತ್ತಾರೆ. ಬರ್ಲಿನ್ನಿನ ನೈಟಿಂಗೇಲ್‌ಗಳು ಗದ್ದಲದ ಬೀದಿಗಳಲ್ಲಿ ಇನ್ನೂ ಗಟ್ಟಿಯಾಗಿ ಹಾಡುತ್ತವೆ ಎಂದು 2004ರಲ್ಲಿ ಪ್ರಕಟವಾಯಿತು. ಅದರ ಹಿಂದಿನ ವರ್ಷ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಗ್ರೇಟ್ ಟಿಟ್ ಎಂಬ ಸಣ್ಣ ಹಕ್ಕಿ ಗಾಡಿ ಸದ್ದಿರುವ ಕಡೆ ಕೆಳಸ್ವರಗಳನ್ನು ಬಿಟ್ಟು ಮೇಲುಸ್ವರದಲ್ಲಿ ಹಾಡುವುದನ್ನು ಸಂಶೋಧಕರು ತೋರಿಸಿದರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಬಿನ್ ಹಕ್ಕಿ ಹಗಲಿನ ಗದ್ದಲ ಹೆಚ್ಚಿರುವ ಜಾಗಗಳಲ್ಲಿ ರಾತ್ರಿ ಹಾಡುವುದು 2007ರಲ್ಲಿ ಕಂಡುಬಂತು. ಇದೆಲ್ಲದರ ತಿರುವು ಮುರುವು ಆಗಿದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೀದಿಗಳು ಖಾಲಿಯಾದಾಗ ಅಲ್ಲಿನ ಒಂದು ಜಾತಿಯ ಗುಬ್ಬಿ ಮೆಲ್ಲಗೆ, ಕೆಳಸ್ವರಕ್ಕೂ ಇಳಿದು ಹಾಡತೊಡಗಿತು. ಆದರೂ ಅದರ ದನಿ ಮೊದಲಿಗಿಂತ ದೂರಕ್ಕೆ ಮುಟ್ಟುತ್ತಿತ್ತು. ಆ ವರ್ಷ ಮಾರ್ಚ್ ಕೊನೆಗೆ ನಮ್ಮಲ್ಲೂ ಪ್ರಯಾಣಿಕರ ರೈಲು ನಿಂತವು. ಬಂಗಾರಪೇಟೆಯಲ್ಲಿ ಗೂಡ್ಸ್ ಬಿಟ್ಟರೆ ಬೇರೆ ಗಾಡಿಯಿಲ್ಲದ ವಾರಗಳು ಅವು.

ಕಿರಿಯರು: ಸರಿ, ಹೊತ್ತು ಆಯಿತು, ಸ್ವರ ಆಯಿತು. ನಡೆಯುವ ದಾರಿ?

ಹಿರಿಯರು: ದಾರಿಯ ವಿಷಯ ಸರಳ. ಒಂದೇ ಗಾಡಿಯ ಸದ್ದು, ದೂರ ಎರಡರಷ್ಟಾದರೆ ಆರು ಡೆಸಿಬೆಲ್ ಇಳಿಯುತ್ತದೆ. ಸಾಲಾಗಿ ಗಾಡಿ ಹರಿಯುವ ರಸ್ತೆಯದು ಮೂರೇ ಇಳಿಯುತ್ತದೆ. ಆದ್ದರಿಂದ ದೊಡ್ಡ ರಸ್ತೆಯಿಂದ ಬರೀ ದೂರ ಹೋದರೆ ಹೆಚ್ಚು ಪ್ರಯೋಜನವಿಲ್ಲ. ಗಲ್ಲಿಗೆ ತಿರುಗಿ ಕಟ್ಟಡಗಳನ್ನು ನಡುವೆ ಇಟ್ಟುಕೊಳ್ಳಬೇಕು. ಮೂಲೆ ತಿರುಗಿ ಇಪ್ಪತ್ತು ಹೆಜ್ಜೆ ಹೋದರೆ ಸಾಕು. ಕೋಲಾರದ ಚಿನ್ನದ ಗಣಿ ಊರಾದ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ರಸ್ತೆಗಳನ್ನು ಗೆರೆ ಎಳೆದಂತೆ ಅಡ್ಡಡ್ಡ ಉದ್ದುದ್ದ ಹಾಕಿರುವುದರಿಂದ ಇಂಥ ಮೂಲೆಗಳಿಗೆ ಬರವಿಲ್ಲ. ಮತ್ತೆ, ಮರ ಹುಡುಕಬೇಕು. ಅರಳಿ ಎಲೆಯ ತೊಟ್ಟು ಉದ್ದ, ತುದಿ ಬಾಲದಂತೆ ಚೂಪು; ಬೇರೆ ಮರ ಅಲುಗದ ಗಾಳಿಗೂ ಅದು ಸರಸರ ಎನ್ನುತ್ತದೆ. ಮಳೆ ಬಂತೇನೋ ಎಂದು ಮೇಲೆ ನೋಡುವಂತೆ ಮಾಡುತ್ತದೆ. ಸರ್ವೆಯದು ಎಲೆಯ ಸದ್ದಲ್ಲ, ಶಿಳ್ಳೆ. ಸೂಜಿಯಂಥ ಕಡ್ಡಿಗಳ ಹಿಂದೆ ಗಾಳಿ ಸಣ್ಣ ಸುಳಿಗಳಾಗಿ ಒಡೆಯುವಾಗ ಹುಟ್ಟುವಂಥದ್ದು. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹೂ ಬಿಟ್ಟಾಗ ಮರದ ಕೆಳಗೆ ನಿಂತರೆ ಇನ್ನೊಂದು ಬಗೆಯ ಸದ್ದು ಸಿಗುತ್ತದೆ. ಮೊದಲು ಟ್ರಾನ್ಸ್‌ಫಾರ್ಮರ್ ಗುಯ್‌ಗುಟ್ಟುತ್ತಿದೆ ಅನ್ನಿಸುತ್ತದೆ. ತಲೆ ಎತ್ತಿದರೆ ಗೊಂಚಲು ಗೊಂಚಲಿಗೂ ಜೇನುನೊಣ, ತುಡುವೆ, ಕಪ್ಪು ದುಂಬಿ. ನೆಲದ ಮೇಲೆ ಉದುರಿದ ಹೂವಿನ ಹಾಸು, ಅದರ ಮೇಲೆ ನಿಲ್ಲಿಸಿದ ಸ್ಕೂಟರುಗಳು. ಗಡಿಯಾರ ನೋಡಿಕೊಂಡು ಕೇಳಬಹುದಾದ ಸದ್ದೂ ಪೇಟೆಯಲ್ಲಿ ಒಂದಿದೆ: ಸಂಜೆ ದೊಡ್ಡ ಮರಗಳಿಗೆ ಗೊರವಂಕ, ಗಿಳಿ, ಕಾಗೆಗಳು ಗುಂಪಾಗಿ ಮಲಗಲು ಬರುವ ಅರ್ಧ ಗಂಟೆ. ಆಗ ಮರದ ಕೆಳಗೆ ಬಸ್ಸಿನ ಹಾರ್ನೂ ಸೋಲುತ್ತದೆ. ಇದು ಜಗಳ, ಜಾಗ ಹಿಡಿಯುವ ಜಗಳ. ಕವಿಗಳು ಇದನ್ನು ಇಂಪು ಎಂದು ಬರೆದಿದ್ದರೆ ಅವರು ಮರದಿಂದ ದೂರ ಇದ್ದಿರಬೇಕು.

ಕಿರಿಯರು: ಕೆ.ಜಿ.ಎಫ್. ಹೆಸರು ಈಗ ಬಂತು. ಅಲ್ಲಿ ಗದ್ದಲವೇ ಹೋಯಿತಲ್ಲ ಸಾರ್. ಗಣಿ ಮುಚ್ಚಿದ ಮೇಲೆ ಚಾಂಪಿಯನ್ ರೀಫ್, ಮಾರಿಕುಪ್ಪದ ಕಡೆ ಹೋದರೆ ಹಕ್ಕಿ ದನಿ ಬೇಕಾದಷ್ಟು ಕೇಳಿಸುತ್ತದೆ. ಪ್ರಕೃತಿ ಗೆದ್ದಿತು ಅನ್ನಬಹುದೇ?

ಹಿರಿಯರು: ಅನ್ನಬಾರದು. ಅಲ್ಲಿ ಏನು ನಿಂತಿತು ಎನ್ನುವುದನ್ನು ಮೊದಲು ತಿಳಿಯಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಈ ಬಯಲಿನಲ್ಲಿ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಗಣಿಗಳು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ಹಳಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಅಲ್ಲಿಂದ ಮುಂದೆ ಊರಿಗೆ ರಾತ್ರಿ ಅನ್ನುವುದೇ ಇಲ್ಲದಾಯಿತು. ಬೆಣಚುಕಲ್ಲನ್ನು ಪುಡಿ ಮಾಡುವ ಗಿರಣಿಗಳ ಕುಟ್ಟುವಿಕೆ, ಶಾಫ್ಟಿನ ಮೇಲಿನ ಗಾಲಿ ತಿರುಗುವ ಸದ್ದು, ಗಣಿಗೆ ಇಳಿಯುವ ಬೋನಿಗೆ ಕೊಡುವ ಗಂಟೆಯ ಸನ್ನೆ, ಪಾಳಿ ಬದಲಾದಾಗ ಸೈರನ್. ಅಡುಗೆಗೆ ಅಕ್ಕಿ ಇಡುವುದೂ ಮಕ್ಕಳನ್ನು ಶಾಲೆಗೆ ಎಬ್ಬಿಸುವುದೂ ಸೈರನ್ ಲೆಕ್ಕದಲ್ಲೇ. ಶೇಫರ್ ತಮ್ಮ ಬರಹದಲ್ಲಿ ಒಂದು ಊರಿಗೇ ಸೇರಿದ, ಆ ಊರಿನವರು ಕೇಳಿದೊಡನೆ ಗುರುತು ಹಿಡಿಯುವ ಸದ್ದುಗಳನ್ನು ಬೇರೆಯಾಗಿ ಎಣಿಸುತ್ತಾರೆ. ಕೆ.ಜಿ.ಎಫ್.ನವರಿಗೆ ಅಂಥ ಸದ್ದು ಸೈರನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದುಡಿಮೆ ನಿಂತಿದ್ದರಿಂದ ಸದ್ದು ನಿಂತಿತು. ಸದ್ದು ನಿಂತಿದ್ದರಿಂದ ಹಕ್ಕಿ ಕೇಳಿಸುತ್ತಿದೆ. ತುಕ್ಕು ಹಿಡಿದ ಶಾಫ್ಟಿನ ಗೋಪುರದ ಮೇಲೆ ಹದ್ದು ಸಿಳ್ಳೆ ಹಾಕುವುದನ್ನು ಕೇಳಿ ಸಂತೋಷ ಪಡುವವನು, ಆ ಗೋಪುರದ ಕೆಳಗೆ ದುಡಿದವರ ಮಕ್ಕಳು ಯಾಕೆ ನಸುಕಿಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದಾರೆ ಎಂದೂ ಕೇಳಿಕೊಳ್ಳಬೇಕಾಗುತ್ತದೆ. ಗದ್ದಲ ಇಲ್ಲದಿರುವುದೆಲ್ಲ ನೆಮ್ಮದಿಯಲ್ಲ.

ಕಿರಿಯರು: ಗಣಿಯಲ್ಲಿ ದುಡಿದ ಹಿರಿಯರು ಈ ಹಕ್ಕಿ, ಹುಳದ ದನಿಗೆ ಗಮನ ಕೊಡುವುದೇ ಇಲ್ಲ. ಎಷ್ಟು ಹೇಳಿದರೂ, ಎಲ್ಲಿ, ಏನೂ ಕೇಳಿಸುತ್ತಿಲ್ಲವಲ್ಲ ಅಂತಾರೆ.

ಹಿರಿಯರು: ಗಮನ ಕೊಡದೆ ಅಲ್ಲ, ಕೇಳಿಸದೆ ಇರಬಹುದು. ಬಂಡೆ ಕೊರೆಯುವ ಡ್ರಿಲ್ಲಿನ ಸದ್ದು ನೂರು ಡೆಸಿಬೆಲ್ ದಾಟುತ್ತದೆ, ಅದೂ ಇಕ್ಕಟ್ಟಾದ ಸುರಂಗದೊಳಗೆ. ವರ್ಷಗಟ್ಟಲೆ ಅದನ್ನು ಕೇಳಿದ ಕಿವಿಯ ಒಳಗಿನ ಸೂಕ್ಷ್ಮ ಕೂದಲಿನ ಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಇಂಥ ಕಿವುಡು ಎಲ್ಲ ಸ್ವರಕ್ಕೂ ಒಟ್ಟಿಗೆ ಬರುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್‌ನ ಆಸುಪಾಸು. ಮಾತು ಕೇಳಿಸುತ್ತದೆ, ಸೈರನ್ ಕೇಳಿಸುತ್ತದೆ, ಕೋಗಿಲೆಯೂ ಕೇಳಿಸುತ್ತದೆ. ಜೀರುಂಡೆ, ಟುವ್ವಿ, ಸೂರಕ್ಕಿ ಕೇಳಿಸುವುದಿಲ್ಲ. ಹಿಂದೆ ಹೇಳಿದ ಮೇಲಿನ ಅಂತಸ್ತೇ ಅವರ ಪಾಲಿಗೆ ಮುಚ್ಚಿಹೋಗಿರುತ್ತದೆ. ವಯಸ್ಸಾದಂತೆ ಎಲ್ಲರಿಗೂ ಮೇಲುಸ್ವರಗಳು ಕಡಿಮೆಯಾಗುತ್ತವೆ. ಡ್ರಿಲ್ ಹಿಡಿದವರಿಗೆ ಅದು ಮೂವತ್ತೈದು, ನಲವತ್ತಕ್ಕೇ ಆಗಿರಬಹುದು. ಊರು ಮೌನವಾದ ಹೊತ್ತಿಗೆ ಆ ಮೌನದಲ್ಲಿ ಹೊಸದಾಗಿ ಕೇಳಿಬಂದದ್ದನ್ನು ಕೇಳುವ ಕಿವಿ ಊರಿನ ಒಂದು ತಲೆಮಾರಿಗೆ ಉಳಿದಿರಲಿಲ್ಲ. ಹೀಗಾಗಿ ಇಂಥ ನಡಿಗೆಗೆ ಗುಂಪು ಕಟ್ಟುವಾಗ ಮಕ್ಕಳನ್ನೂ ವಯಸ್ಸಾದವರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಹತ್ತು ವರ್ಷದವನಿಗೆ ಕೇಳುವುದು ಅರವತ್ತರವನಿಗೆ ಕೇಳುವುದಿಲ್ಲ. ಅರವತ್ತರವನು ಗುರುತು ಹಿಡಿಯುವುದು ಹತ್ತರವನಿಗೆ ತಿಳಿಯುವುದಿಲ್ಲ.

ಕಿರಿಯರು: ಕೆ.ಜಿ.ಎಫ್.ನಲ್ಲಿ ನೆಲ ಗುಡುಗುವುದೂ ಇತ್ತಲ್ಲ. ಅದು ನೀವು ಹೇಳಿದ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ?

ಹಿರಿಯರು: ಸಿಕ್ಕಿಹಾಕಿಸುವ ಪ್ರಶ್ನೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ವಿಪರೀತ. ಅದಿರು ತೆಗೆದು ಟೊಳ್ಳಾದ ಕಡೆ ಬಂಡೆ ತಡೆಯಲಾರದೆ ಸಿಡಿಯುತ್ತದೆ. ಗಣಿಯವರ ಮಾತಿನಲ್ಲಿ ರಾಕ್‌ಬರ್ಸ್ಟ್. ಮೇಲೆ ಮನೆಗಳಲ್ಲಿ ಪಾತ್ರೆ ಅಲುಗುತ್ತಿದ್ದವು, ಗೋಡೆ ಬಿರುಕು ಬಿಡುತ್ತಿತ್ತು, ಕೆಳಗಿರುವವರ ಮನೆಯವರು ಶಾಫ್ಟಿನ ಕಡೆ ಓಡುತ್ತಿದ್ದರು. ಇಂಥದ್ದನ್ನೂ ಅಭ್ಯಾಸ ಮಾಡುವ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಅಲ್ಲಿ ಶುರುವಾಯಿತು. ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಸಣ್ಣ ಕಂಪನಗಳು ನಿಲ್ಲಲಿಲ್ಲ. ಬಂಡೆ ಪ್ರಕೃತಿಯದು, ಟೊಳ್ಳು ಮನುಷ್ಯನದು, ಈಗ ಒಳಗೆ ತುಂಬಿದ ನೀರು ಮತ್ತೆ ಪ್ರಕೃತಿಯದು. ಮೂರು ಗುಂಪಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದೇ ಲೇಸು.

ಕಿರಿಯರು: ಅಷ್ಟು ಆಳದಲ್ಲಿ ವಿಜ್ಞಾನಿಗಳೂ ಏನೋ ಹುಡುಕುತ್ತಿದ್ದರು ಎನ್ನುತ್ತಾರೆ.

ಹಿರಿಯರು: ನ್ಯೂಟ್ರಿನೊ. ಆಕಾಶದಿಂದ ಸುರಿಯುವ ಕಣಗಳ ಗದ್ದಲದಲ್ಲಿ ಅದರ ಗುರುತು ಸಿಗುವುದಿಲ್ಲ. ಆ ಗದ್ದಲವನ್ನು ಬಂಡೆ ತಡೆಯಲಿ ಎಂದು ಟಾಟಾ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣ ಇಟ್ಟರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊವಿನ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅದು ಕಿವಿಯ ವಿಷಯವಲ್ಲ, ಇರಲಿ. ಆದರೆ ತಲೆ ಮೇಲೆ ಅಷ್ಟು ಯಂತ್ರಗಳು ಕುಟ್ಟುತ್ತಿದ್ದ ಊರಿನ ಅಡಿಯಲ್ಲೇ ಇಂಥ ನಿಶ್ಶಬ್ದ ಜಾಗ ಸಿಕ್ಕಿತ್ತು ಎನ್ನುವುದು ತಮಾಷೆಯೇ.

ಕಿರಿಯರು: ಮೇಲಿನ ಬಯಲಿಗೆ ಬರೋಣ. ಸೈನೈಡ್ ದಿಬ್ಬಗಳ ಮೇಲೆ ಕೇಳಲು ಏನಾದರೂ ಇದೆಯೇ? ಸಿನಿಮಾದವರಿಗೆ ನೋಡಲು ಸಿಕ್ಕಿದೆ.

ಹಿರಿಯರು: ಗಾಳಿ ಇದೆ. ಚಿನ್ನ ತೆಗೆದು ಉಳಿದ ಪುಡಿಯನ್ನು ನೂರು ವರ್ಷ ಸುರಿದು ಆದ ದಿಬ್ಬಗಳು ಅವು. ಮರವಿಲ್ಲದ, ಬೋಳು ದಿಬ್ಬದ ಮೇಲೆ ಆಷಾಢದ ಗಾಳಿ ಬೀಸುವಾಗ ಎಲೆಯ ಸದ್ದಿಲ್ಲ. ಬರೀ ಪುಡಿ ಪುಡಿಯ ಮೇಲೆ ಉರುಳುವ ಸೂ ಸದ್ದು, ಮಳೆ ಕೊರೆದ ಕೊರಕಲುಗಳಲ್ಲಿ ಬುಸುಗುಟ್ಟುವ ಗಾಳಿ. ಹತ್ತಿರ ನಿಂತು ಬಹಳ ಹೊತ್ತು ಕೇಳುವುದು ಒಳ್ಳೆಯದಲ್ಲ, ಆ ಧೂಳು ಎದೆಗೆ ಕೆಡುಕು. ಮನೆಯ ಕಿಟಕಿ ಬಾಗಿಲು ಮುಚ್ಚಿಕೊಂಡು ಆ ಗಾಳಿಯನ್ನು ಬೈಯುವವರು ಅಲ್ಲಿ ಬೇಕಾದಷ್ಟಿದ್ದಾರೆ. ದಿಬ್ಬದ ಬುಡದ ಕಲ್ಲುಬಯಲು ಟಿಟ್ಟಿಭನಿಗೆ ಇಷ್ಟ. ಅದು ಗೂಡು ಕಟ್ಟುವುದಿಲ್ಲ. ನೆಲದಲ್ಲೇ, ಬೆಣಚುಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಮನುಷ್ಯನೋ ನಾಯಿಯೋ ಆ ಕಡೆ ಬಂದರೆ ಎದ್ದು ತಲೆ ಮೇಲೆ ಸುತ್ತುತ್ತಾ ಬಯ್ಯುತ್ತದೆ. ಅದು ಹೆಚ್ಚು ಕೂಗಿದಷ್ಟೂ ಮೊಟ್ಟೆ ಹತ್ತಿರವಿದೆ ಎಂದರ್ಥ. ಅಲ್ಲಿಂದ ಹಿಂದಕ್ಕೆ ಬರಬೇಕು.

ಕಿರಿಯರು: ನೀರಿನ ಸದ್ದು ನಮ್ಮ ಜಿಲ್ಲೆಗೆ ದೂರದ ಮಾತು.

ಹಿರಿಯರು: ಹರಿಯುವ ನೀರು ಕಡಿಮೆ ಅನ್ನುವುದು ಸರಿ. ವರ್ಷವಿಡೀ ಹರಿಯುವ ಹೊಳೆ ಇಲ್ಲ, ಪಾಲಾರ್ ಕೂಡ ಹೆಸರಿಗಷ್ಟೇ. ಇರುವುದು ಕೆರೆಗಳು, ಅವೂ ಎರಡು ಸಾವಿರಕ್ಕೂ ಹೆಚ್ಚು. ಗಣಿ ಊರಿಗೆ ನೀರು ಕೊಟ್ಟ ಬೇತಮಂಗಲದ ಕೆರೆ ಪಾಲಾರ್ ಮೇಲಿನದೇ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಬಿಡತೊಡಗಿದ್ದು 2018ರಲ್ಲಿ. ಆ ನೀರಿನ ಗುಣದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ಎಳೆಯುವುದು ಬೇಡ. ಕೇಳುವವನಿಗೆ ಮುಖ್ಯವಾದ ರಾತ್ರಿ ಬೇರೆ: ಮುಂಗಾರಿನ ಮೊದಲ ದೊಡ್ಡ ಮಳೆಯ ರಾತ್ರಿ. ತಿಂಗಳುಗಟ್ಟಲೆ ಮಣ್ಣಿನೊಳಗೆ ಹೂತು ಮಲಗಿದ್ದ ಕಪ್ಪೆಗಳು ಅಂದು ಮೇಲೆ ಬರುತ್ತವೆ. ಸೈಟು ಮಾಡಲು ಅಗೆದ ಗುಂಡಿ, ಹಳಿಯ ಪಕ್ಕದ ಚರಂಡಿ, ಮುರಿದ ತೊಟ್ಟಿ, ಎಲ್ಲಿ ನೀರು ನಿಂತಿದೆಯೋ ಅಲ್ಲಿ. ಕೂಗುವುದು ಗಂಡು, ಗಂಟಲ ಚೀಲ ಊದಿಸಿಕೊಂಡು. ಒಬ್ಬ ಶುರು ಮಾಡಿದರೆ ಪಕ್ಕದವನು ಅವನ ಎರಡು ಕೂಗಿನ ನಡುವಿನ ಸಂದಿಗೆ ತನ್ನದನ್ನು ತುರುಕುತ್ತಾನೆ. ದೂರದಿಂದ ಒಂದೇ ವಟವಟ ಎಂದು ಕೇಳಿಸುವುದು, ಹತ್ತಿರ ಹೋದರೆ ನಾಲ್ಕಾರು ದನಿಗಳ ಎಚ್ಚರದ ಹಂಚಿಕೆ. ಇನ್ನೂ ಹತ್ತಿರ ಹೋದರೆ ಎಲ್ಲ ಒಮ್ಮೆಗೇ ಬಂದ್. ಅಲುಗದೆ ನಿಂತು ಎರಡು ಮೂರು ನಿಮಿಷ ಕಾದರೆ ಮತ್ತೆ ಶುರುವಾಗುತ್ತದೆ, ಒಬ್ಬನಿಂದಲೇ.

ಕಿರಿಯರು: ಮಳೆಯಿಲ್ಲದ ರಾತ್ರಿ?

ಹಿರಿಯರು: ಜೀರುಂಡೆ, ಮಿಡತೆ. ಇವುಗಳಿಗೆ ಗಂಟಲಿಲ್ಲ, ಜೀರುಂಡೆಯ ಗಂಡು ಎರಡು ರೆಕ್ಕೆಗಳನ್ನು ಒಂದರ ಮೇಲೊಂದು ಉಜ್ಜಿ ಸದ್ದು ಮಾಡುತ್ತದೆ. ಸೆಕೆ ಹೆಚ್ಚಿದಷ್ಟೂ ಉಜ್ಜುವ ವೇಗ ಹೆಚ್ಚು. ಅಮೆರಿಕದ ಡಾಲ್‌ಬೇರ್ ಎಂಬುವರು 1897ರಲ್ಲೇ, ನಿಮಿಷಕ್ಕೆ ಎಷ್ಟು ಬಾರಿ ಕೂಗುತ್ತದೆ ಎಂದು ಎಣಿಸಿ ತಾಪಮಾನ ಹೇಳಬಹುದು ಎಂದು ಲೆಕ್ಕ ಕೊಟ್ಟರು. ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ನಗರದ ಹಾಗೆ ಮರಗಿಡ ಇರುವ ಬಡಾವಣೆಗಳಲ್ಲಿ ರಾತ್ರಿ ಹತ್ತರ ಮೇಲೆ ನಡೆದರೆ ಹಾಲಕ್ಕಿಯ ಚಿರುಚಿರು ಜಗಳವೂ ಸಿಗುತ್ತದೆ. ಹತ್ತು ಗಂಟೆ ಅನ್ನುವುದಕ್ಕೆ ಕಾನೂನಿನ ಆಸರೆಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 55 ಡೆಸಿಬೆಲ್, ಆಮೇಲೆ 45. ಅಂಗಡಿ ಬೀದಿಗೆ 65 ಮತ್ತು 55. ಯಾವ ಪೇಟೆಯೂ ಇದನ್ನು ಪೂರ್ತಿ ಪಾಲಿಸಿದ ಹಾಗಿಲ್ಲ.

ಕಿರಿಯರು: ಕೇಳಿದ್ದನ್ನು ಬರೆದಿಡಬೇಕೇ? ಈಗ ಫೋನೇ ದನಿ ಹಿಡಿದು ಹಕ್ಕಿಯ ಹೆಸರು ಹೇಳುತ್ತದೆ.

ಹಿರಿಯರು: ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಆ್ಯಪ್ ಆ ಕೆಲಸ ಮಾಡುತ್ತದೆ, ಉಪಯೋಗಕ್ಕೂ ಬರುತ್ತದೆ. ಗದ್ದಲದ ಬೀದಿಯಲ್ಲಿ ಅದೂ ತಪ್ಪುತ್ತದೆ; ಅದು ಹೇಳಿದ ಹೆಸರನ್ನು ಕಣ್ಣಿನಿಂದಲೋ ಎರಡನೇ ಸಲ ಕೇಳಿಯೋ ಖಚಿತ ಮಾಡಿಕೊಳ್ಳಬೇಕು. ಬರೆಯುವುದಾದರೆ ಹಕ್ಕಿಯ ಹೆಸರಿಗಿಂತ ಮೊದಲು ತಾರೀಖು, ಹೊತ್ತು, ಜಾಗ, ಗಾಳಿ ಮಳೆಯ ಸ್ಥಿತಿ ಬರೆಯುವುದು. ಹೆಸರು ಗೊತ್ತಿಲ್ಲದಿದ್ದರೆ ಕೇಳಿದ ಹಾಗೆಯೇ ಅಕ್ಷರದಲ್ಲಿ ಇಳಿಸುವುದು. ಕನ್ನಡ ಅಕ್ಷರಕ್ಕೆ ಆ ಶಕ್ತಿ ಚೆನ್ನಾಗಿಯೇ ಇದೆ.

ಕಿರಿಯರು: ಫೋನಿಗೂ ಕಿವಿಗೂ ಸಿಗದ ದನಿ ಏನಾದರೂ ಉಳಿಯಿತೇ?

ಹಿರಿಯರು: ಬಾವಲಿ. ಬೀದಿದೀಪದ ಸುತ್ತ ಹುಳ ಹಿಡಿಯುವ ಪುಟ್ಟ ಬಾವಲಿಗಳು ಬಿಡದೆ ಕೂಗುತ್ತಿರುತ್ತವೆ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಅವುಗಳ ಕೂಗು ಅದರ ಮೇಲೆ. ಇದರಲ್ಲಿ ಕೋಲಾರ ಜಿಲ್ಲೆಯದೇ ಆದ ಒಂದು ಜಾತಿ ಇದೆ, ಕೋಲಾರದ ಎಲೆಮೂಗಿನ ಬಾವಲಿ. ವಿಜ್ಞಾನಿಗಳು ಅದನ್ನು ಬೇರೆ ಜಾತಿ ಎಂದು ವಿವರಿಸಿದ್ದು 1994ರಲ್ಲಿ. ಪ್ರಪಂಚದಲ್ಲಿ ಅದು ಉಳಿದಿರುವುದು ಹನುಮನಹಳ್ಳಿಯ ಒಂದು ಗುಹೆಯಲ್ಲಿ ಮಾತ್ರ, ಅದೂ ಇನ್ನೂರಕ್ಕೂ ಕಡಿಮೆ. ಅದರ ಕೂಗು 100 ಕಿಲೋಹರ್ಟ್ಸ್ ದಾಟುತ್ತದೆ. ಕೇಳಬೇಕಾದರೆ ಬ್ಯಾಟ್ ಡಿಟೆಕ್ಟರ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಅದು ಆ ಸ್ವರವನ್ನು ನಮ್ಮ ಕಿವಿಯ ಮಟ್ಟಕ್ಕೆ ಇಳಿಸಿ ಕೊಡುತ್ತದೆ.

ಕಿರಿಯರು: ಅಲ್ಲಿಗೂ ಒಂದು ನಡಿಗೆ ಹೋಗಬಹುದಲ್ಲ?

ಹಿರಿಯರು: ಬೇಡ. ಸುತ್ತಲಿನ ಗ್ರಾನೈಟ್ ಕ್ವಾರಿಯಿಂದ ಅದಕ್ಕೆ ಮೊದಲೇ ಅಪಾಯ. ಗುಹೆಯ ಸುತ್ತಲಿನ 30 ಎಕರೆಯನ್ನು ಸರ್ಕಾರ ಈಗ ಕಾಯ್ದಿರಿಸಿದೆ. ಜನ ಗುಂಪಾಗಿ ಗುಹೆಯ ಬಾಯಿಗೆ ಹೋದರೆ ಅವು ಬೆದರುತ್ತವೆ. ಬೀದಿದೀಪದ ಬಾವಲಿ ಸಾಕು, ಡಿಟೆಕ್ಟರ್ ಸಿಕ್ಕರೆ ರಾಬರ್ಟ್‌ಸನ್‌ಪೇಟೆಯ ಯಾವ ಕಂಬದ ಕೆಳಗಾದರೂ ಆದೀತು.